ನಂಬರ್ ಪ್ಲೇಟೇ ಸ್ಕ್ರೀನ್ ಆದರೆ ನಮ್ಮ ರಸ್ತೆಯಲ್ಲಿ ನಡೆಯುತ್ತಾ?

ಬಿಣಗಾ ಹುಡುಗ: ನಿನ್ನೆ ಸಂಜೆ ಸುರಂಗದ ಹತ್ತಿರ ಒಬ್ಬ ಬೈಕಿನವ ನನ್ನ ಕನ್ನಡಿಗೆ ಕೈ ತಾಗಿಸಿಕೊಂಡೇ ಹೋದ. ನಂಬರ್ ನೋಡೋಣ ಅಂದರೆ ಪ್ಲೇಟನ್ನು ಮೇಲಕ್ಕೆ ಮಡಚಿಟ್ಟಿದ್ದಾನೆ. ಇಂಥವರನ್ನು ಯಾವ ಕ್ಯಾಮೆರಾ ಹಿಡಿಯುತ್ತದೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತಗಡಿನ ಬದಲು ಎಲೆಕ್ಟ್ರಾನಿಕ್ ಪ್ಲೇಟ್ ಹಾಕಿಕೊಳ್ಳಬಹುದು. ಅರಿಜೋನಾದಲ್ಲೂ ಇದೆ. ಇ-ಪುಸ್ತಕ ಓದುವ ಸಾಧನದಲ್ಲಿರುತ್ತದಲ್ಲ, ಅಂಥದ್ದೇ ಸ್ಕ್ರೀನ್. ಗಾಡಿ ಕಳುವಾದರೆ ಪ್ಲೇಟ್ ಮೇಲೇ ‘ಕದ್ದ ಗಾಡಿ’ ಅಂತ ಬರುವ ಹಾಗೆ ಮಾಡಬಹುದು. ನಮ್ಮಲ್ಲಿ ಯಾಕೆ ತರಬಾರದು?

ಮೀನ್ ಗಾಡಿ: ತಮಾ, ನನ್ನ ಟೆಂಪೋ ಹಿಂದೆ ಒಮ್ಮೆ ಬಂದು ನೋಡು. ಬಾಗಿಲ ಸಂದಿಯಿಂದ ಐಸ್ ನೀರು, ಉಪ್ಪು, ಮೀನಿನ ಲೋಳೆ ಎಲ್ಲ ಇಳಿಯುವುದು ಸೀದಾ ಪ್ಲೇಟ್ ಮೇಲೆ. ಅಲ್ಯೂಮಿನಿಯಂ ಪ್ಲೇಟಿಗೆ ಏನೂ ಆಗಿಲ್ಲ, ಅದು ಕೂತ ಕಬ್ಬಿಣದ ಪಟ್ಟಿ ಮಾತ್ರ ಎರಡೇ ಮಳೆಗಾಲಕ್ಕೆ ಪುಡಿಯಾಯಿತು. ಅಲ್ಲಿಗೆ ಸ್ಕ್ರೀನ್ ಹಾಕ್ತೀಯಾ? ತದಡಿ ಬಂದರಿಗೆ ನಾಲ್ಕು ಸಲ ಹೋಗಿ ಬಂದರೆ ಮುಗಿಯಿತು ಅದರ ಕಥೆ.

ಬಿಣಗಾ ಹುಡುಗ: ಅದಕ್ಕೆ ಗಟ್ಟಿ ಕವಚ ಇರುತ್ತದೆ ಅಣ್ಣಾ. ಬ್ಯಾಟರಿ ಹೋದರೂ ಚಿಂತೆ ಇಲ್ಲ. ಒಮ್ಮೆ ಮೂಡಿದ ಅಕ್ಷರ ಕರೆಂಟ್ ಇಲ್ಲದೆಯೂ ಹಾಗೇ ಉಳಿಯುತ್ತದೆ. ಬದಲಾಯಿಸುವಾಗ ಮಾತ್ರ ಕರೆಂಟ್ ಬೇಕು.

ಕುಮಟಾ ಮೇಷ್ಟ್ರು: ಆ ‘ಬದಲಾಯಿಸುವಾಗ’ ಅನ್ನುವಲ್ಲೇ ಇರುವುದು ಕಿತಾಪತಿ. 2023ರ ಜನವರಿಯಲ್ಲಿ ಹೊರಬಂದ ಸುದ್ದಿ ನೆನಪಿದೆಯಾ? ಆ ಪ್ಲೇಟ್ ಕಂಪನಿಯ ಸರ್ವರಿನಲ್ಲಿ ತೂತು ಇತ್ತು. ಭದ್ರತಾ ಸಂಶೋಧಕರು ಹೊರಗಿಂದಲೇ ಒಳಹೊಕ್ಕು, ಯಾವ ಗಾಡಿ ಎಲ್ಲಿದೆ ಅಂತ ನೋಡುವ ಮಟ್ಟಕ್ಕೆ ಹೋದರು. ಬೇಕಾದ ಗಾಡಿಯನ್ನು ‘ಕದ್ದದ್ದು’ ಅಂತ ಗುರುತು ಮಾಡಲೂ ಬರುತ್ತಿತ್ತು. ಆ ತೂತು ಮುಚ್ಚಿದರು ಅನ್ನಿ. 2024ರಲ್ಲಿ ಇನ್ನೊಬ್ಬ ಸಂಶೋಧಕ ಪ್ಲೇಟನ್ನೇ ಬಿಚ್ಚಿ, ಒಳಗಿನ ಸಾಫ್ಟ್‌ವೇರ್ ಬದಲಿಸಿ, ಇಷ್ಟ ಬಂದ ನಂಬರ್ ಬರುವ ಹಾಗೆ ಮಾಡಿ ತೋರಿಸಿದ. ಈಗ ನಿನ್ನ ಬೈಕಿನವ ತಗಡು ಮಡಚುವ ಕಷ್ಟವನ್ನಾದರೂ ತೆಗೆದುಕೊಂಡಿದ್ದಾನೆ. ಸ್ಕ್ರೀನ್ ಕೊಟ್ಟರೆ ಟೋಲಿಗೊಂದು ನಂಬರ್, ಪೊಲೀಸರಿಗೊಂದು ನಂಬರ್!

ಅಂಕೋಲಾ ಮಾವಿನಕಾಯಿ: ಸುಮ್ನೆ ಅಮೆರಿಕ ಯಾಕೆ, ನಮ್ಮ ಸರ್ಕಾರಿ ಭದ್ರತಾ ನಂಬರ್ ಪ್ಲೇಟ್ ಎಚ್‌ಎಸ್‌ಆರ್‌ಪಿಯಲ್ಲೇ ಚಿಪ್ ಇದೆಯಲ್ಲ? ಅದನ್ನೇ ಓದಿದರಾಯಿತು.

ಕುಮಟಾ ಮೇಷ್ಟ್ರು: ಚಿಪ್ ಇಲ್ಲ ಮಾರಾಯಾ, ಇದು ವಾಟ್ಸಾಪ್‌ನಲ್ಲಿ ಹುಟ್ಟಿದ ಚಿಪ್. ಎಚ್‌ಎಸ್‌ಆರ್‌ಪಿ ಬರೀ ಅಲ್ಯೂಮಿನಿಯಂ ತಗಡು. ಎಡಗಡೆ ಮೇಲೆ ಅಶೋಕ ಚಕ್ರದ ಹೊಲೊಗ್ರಾಮ್, 20 ಮಿಲಿಮೀಟರ್ ಉದ್ದಗಲದ್ದು. ಕೆಳಗೆ ಲೇಸರಿನಲ್ಲಿ ಕೊರೆದ 10 ಅಂಕಿಯ ಗುರುತು. ಬಿಚ್ಚಿದರೆ ಮತ್ತೆ ಹಾಕಲು ಬಾರದ ಸ್ನ್ಯಾಪ್ ಲಾಕ್. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗೆಲ್ಲ ಶೋರೂಮಿನಲ್ಲೇ ಹಾಕಿ ಕೊಡುತ್ತಾರೆ. ಹಳೆಯವಕ್ಕೆ ನಮ್ಮ ರಾಜ್ಯದಲ್ಲಿ 2023ರ ನವೆಂಬರ್ 17 ಕೊನೆಯ ದಿನ ಅಂದರು. ಆ ‘ಕೊನೆಯ ದಿನ’ ಎಷ್ಟು ಸಲ ಮುಂದೆ ಹೋಯಿತು ಅಂತ ನಿಮಗೇ ಗೊತ್ತು. ಚಿಪ್ ಇರುವುದು ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗ್‌ನಲ್ಲಿ. ಬೈಕಿಗೆ ಅದೂ ಇಲ್ಲ.

ಶಿರಸಿ ಭಟ್ಟ: ಪ್ಲೇಟ್ ಚೊಕ್ಕ ಇದ್ದರೂ ಸಾಲದು, ಓದುವವನ ಕಣ್ಣೂ ಚೊಕ್ಕ ಇರಬೇಕು. ನನ್ನ ಕಥೆ ಕೇಳಿ. ಕಳೆದ ವರ್ಷ ಅಡಿಕೆ ಕೊಯ್ಲಿನ ಹೊತ್ತು. ನನ್ನ ಕಪ್ಪು ಸ್ಕೂಟರ್ ಕೊಟ್ಟಿಗೆ ಪಕ್ಕ, ಅದರ ಮೇಲೆ ಅಡಿಕೆ ಚೀಲ. ಎಸ್ಸೆಮ್ಮೆಸ್ ಬಂತು: ಹೆಲ್ಮೆಟ್ ಇಲ್ಲ, 500 ರೂಪಾಯಿ. ಜಾಗ ನೋಡಿದರೆ ಘಟ್ಟದಾಚೆಯ ದೊಡ್ಡ ಊರಿನ ಸಿಗ್ನಲ್. ಫೋಟೋ ತೆರೆದೆ. ಕೆಂಪು ಸ್ಕೂಟರ್, ಹಿಂದೆ ಕೂತವಳ ಸೆರಗು ಗಾಳಿಗೆ ಹಾರುತ್ತಿದೆ. ದೊಡ್ಡದು ಮಾಡಿ ನೋಡಿದರೆ ಕೊನೆಯ ಅಂಕಿ 8. ಎಡಕ್ಕೆ ಮಣ್ಣು ಮೆತ್ತಿದ್ದಕ್ಕೆ 3 ಆಗಿ ಕಂಡಿದೆ. ನನ್ನದು 3. ಮನೆಯಾಕೆಗೆ ತೋರಿಸಿದೆ. ಅವಳು ಮೊದಲು ಕೇಳಿದ್ದು, ‘ಸೆರಗು ಯಾರದ್ದು?’

ಮೀನ್ ಗಾಡಿ: ಭಟ್ರೆ, ಆ ಕೇಸಿಗೆ 500ರಲ್ಲಿ ಮುಗಿಯಲಿಲ್ಲ ಅನ್ನಿ 😂

ಯಲ್ಲಾಪುರ ನಾಕಾ: ಎಸ್ಸೆಮ್ಮೆಸ್ ಯಾವಾಗ ಬಂತು? ಫೋಟೋದ ತಾರೀಖು ಯಾವುದು? 2021ರ ಆಗಸ್ಟ್‌ನಲ್ಲಿ ಕೇಂದ್ರ ತಂದ 167ಎ ನಿಯಮದಲ್ಲಿ, ಕ್ಯಾಮೆರಾ ಕೇಸಾದರೆ ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತಿತ್ತು. ಕ್ಯಾಮೆರಾ ಇರುವ ಕಡೆ ಬೋರ್ಡೂ ಹಾಕಬೇಕು.

ಶಿರಸಿ ಭಟ್ಟ: 2 ತಿಂಗಳ ಮೇಲೆ ಬಂತು! ಈ 15 ದಿನದ ಮಾತು ನನಗೆ ಗೊತ್ತೇ ಇರಲಿಲ್ಲ. ನಾನು ಆರ್‌ಸಿ, ಸ್ಕೂಟರಿನ ನಾಲ್ಕೂ ಬದಿಯ ಫೋಟೋ ಹಾಕಿ ಆನ್‌ಲೈನ್‌ನಲ್ಲಿ ದೂರು ಕೊಟ್ಟೆ. ಮೊದಲ ಸಲ ಫೋಟೋ ದೊಡ್ಡದಾಯಿತು ಅಂತ ತೆಗೆದುಕೊಳ್ಳಲಿಲ್ಲ. ಎರಡನೇ ಸಲ ಒಟಿಪಿ ಬರುವಷ್ಟರಲ್ಲಿ ನಮ್ಮೂರ ನೆಟ್‌ವರ್ಕ್ ಹೋಯಿತು. ಮೂರನೇ ಸಲಕ್ಕೆ ಮಾವಿನ ಮರದ ಕಟ್ಟೆ ಹತ್ತಿ ಕಳಿಸಿದೆ.

ಬಿಣಗಾ ಹುಡುಗ: ಇದಕ್ಕೇ ನಾನು ಹೇಳುವುದು! ಪ್ಲೇಟೇ ತನ್ನ ನಂಬರನ್ನು ಕ್ಯಾಮೆರಾಕ್ಕೆ ಸಿಗ್ನಲ್ ಮೂಲಕ ಹೇಳಿದರೆ 3 ಯಾವುದು 8 ಯಾವುದು ಅನ್ನುವ ಗೊಂದಲವೇ ಇಲ್ಲ.

ಯಲ್ಲಾಪುರ ನಾಕಾ: ಆಗ ಇನ್ನೊಂದು ಗೊಂದಲ. ನಂಬರ್ ಹೇಳುವ ಪ್ಲೇಟ್ ನೀನು ಎಲ್ಲಿ ಹೋದೆ, ಎಷ್ಟು ಹೊತ್ತು ನಿಂತೆ ಅಂತಲೂ ಹೇಳುತ್ತದೆ. ಕ್ಯಾಲಿಫೋರ್ನಿಯಾದ 2022ರ ಕಾನೂನಿನಲ್ಲಿ ಇದಕ್ಕೆ ಬೇಲಿ ಇದೆ. ಕಂಪನಿ ಗಾಡಿಯಾದರೆ, ಕೆಲಸದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಮಾಲೀಕ ನೌಕರನ ಜಾಡು ಹಿಡಿಯುವ ಹಾಗಿಲ್ಲ.

ಮೀನ್ ಗಾಡಿ: ನಮ್ಮ ಧಣಿಗೆ ಈ ವಿಷಯ ಹೇಳಬೇಡಿ. ಈಗಲೇ ಕುಮಟಾದಲ್ಲಿ ಚಾ ಕುಡಿಯಲು ನಿಂತರೆ ‘ಎಲ್ಲಿದ್ದೀ’ ಅಂತ ಫೋನ್.

ಅಂಕೋಲಾ ಮಾವಿನಕಾಯಿ: ಮಾಜಾಳಿ ಗೇಟಿನಲ್ಲಂತೂ ಪ್ಲೇಟ್ ಯಾರೂ ನೋಡುವುದಿಲ್ಲ. ಗೋವಾದಿಂದ ಬಂದ ಗಾಡಿಯ ಡಿಕ್ಕಿ ನೋಡುತ್ತಾರೆ, ಬಾಟಲಿ ಇದೆಯಾ ಅಂತ.

ಕುಮಟಾ ಮೇಷ್ಟ್ರು: ಬಿಣಗಾ ತಮಾ, ನಿನ್ನ ಸಿಟ್ಟು ಸರಿ. ಮಡಚಿದ ಪ್ಲೇಟಿನ ವಿಷಯದಲ್ಲಿ ನಾನೂ ನಿನ್ನ ಪಕ್ಷವೇ. ಆದರೆ ಆ ಬೈಕಿನವನನ್ನು ಹಿಡಿಯಲು ಸ್ಕ್ರೀನ್ ಬೇಡ. ಗಿಬ್ ಸರ್ಕಲ್‌ನಲ್ಲಿ ಒಬ್ಬ ಪೊಲೀಸ್ ಕೈ ಅಡ್ಡ ಹಾಕಿ, ಒಂದು ಇಕ್ಕಳ ಕೊಟ್ಟು, ‘ನೀನೇ ನೆಟ್ಟಗೆ ಮಾಡು’ ಅಂದರೆ ಸಾಕು. ನಾನೇ ಕಣ್ಣಾರೆ ನೋಡಿದ್ದೇನೆ. ಹುಡುಗ ಬೆವರಿಳಿಸಿಕೊಂಡು ಹತ್ತು ನಿಮಿಷ ಬಗ್ಗಿ ಕೂತಿದ್ದ, ಸುತ್ತ ಕಾಲೇಜು ಮಕ್ಕಳು.

ಬಿಣಗಾ ಹುಡುಗ: ಮೇಷ್ಟ್ರೆ, ಗಿಬ್ ಸರ್ಕಲ್‌ನಲ್ಲಿ ಪೊಲೀಸ್ ಇರ್ತಾರೆ. ಸುರಂಗದ ಹತ್ತಿರ ಕತ್ತಲೆ ಹೊತ್ತಿಗೆ ಯಾರು ಇಕ್ಕಳ ಹಿಡಿದು ನಿಲ್ಲುತ್ತಾರೆ? ಹ್ಯಾಕ್ ವಿಷಯ ಒಪ್ಪಿದೆ. ಕ್ಯಾಮೆರಾ ಬೇಡ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ಕುಮಟಾ ಮೇಷ್ಟ್ರು: ಬೇಡ ಅಂದವರು ಯಾರು? ಹಾಕಲಿ. ದಂಡ ಕಳಿಸುವ ಮೊದಲು ಫೋಟೋವನ್ನು ಒಬ್ಬ ಮನುಷ್ಯ ನೋಡಲಿ. ಕೆಂಪು ಯಾವುದು, ಕಪ್ಪು ಯಾವುದು ಅಂತ ತಿಳಿಯುವವ. ಭಟ್ರೆ, ನಿಮ್ಮ ದೂರು ಏನಾಯಿತು?

ಶಿರಸಿ ಭಟ್ಟ: ‘ಪರಿಶೀಲನೆಯಲ್ಲಿದೆ.’ ಹೊಸ ಅಡಿಕೆ ಕೊಯ್ಲು ಶುರುವಾಯಿತು, ಸ್ಕೂಟರ್ ಮೇಲೆ ಮತ್ತೆ ಚೀಲ ಬಿದ್ದಿದೆ.