36 ವಾರ ಆಯ್ತು, ಮಗು ಒದೆಯುವುದು ಕಡಿಮೆಯಾಗಿದೆ. ಕಾಯಬಹುದಾ?

ಪ್ರಶ್ನೆ (ಕಾಪು)

ಮೊದಲ ಬಸುರಿ, ತವರು ಮನೆಯಲ್ಲಿದ್ದೇನೆ. ದಿನಾ ರಾತ್ರಿ ಊಟ ಮಾಡಿ ಮಲಗಿದ ಕೂಡಲೇ ಬಲಗಡೆ ಪಕ್ಕೆಲುಬಿನ ಕೆಳಗೆ ಒದೆಯಲು ಶುರು ಮಾಡುತ್ತಿತ್ತು, ಹೊಟ್ಟೆಯ ಮೇಲಿಟ್ಟ ಮೊಬೈಲ್ ಅಲುಗಾಡುವಷ್ಟು. ನಿನ್ನೆ ರಾತ್ರಿ ಎರಡು ಸಲ ಮೆಲ್ಲಗೆ ಹೊರಳಿದ್ದು ಬಿಟ್ಟರೆ ಏನೂ ಇಲ್ಲ. ಇವತ್ತು ಬೆಳಿಗ್ಗೆಯಿಂದಲೂ ಹಾಗೆಯೇ. ಅಮ್ಮ, ಪಕ್ಕದ ಮನೆಯ ದೊಡ್ಡಮ್ಮ ಇಬ್ಬರೂ "ದಿನ ಹತ್ತಿರ ಬಂತಲ್ಲ, ಒಳಗೆ ಜಾಗ ಸಾಲುವುದಿಲ್ಲ, ಸುಮ್ನೆ ಇರ್ತದೆ" ಅನ್ನುತ್ತಾರೆ. ಚೆಕಪ್ ಇರುವುದು ಸೋಮವಾರ. ಗಂಡ ದುಬೈಯಲ್ಲಿ, ಹೊರಗೆ ಜೋರು ಮಳೆ. ನಾನೇ ಜಾಸ್ತಿ ಹೆದರುತ್ತಿದ್ದೇನಾ?

ಉತ್ತರ 1 (ಬ್ರಹ್ಮಾವರ)

ಹೆದರಬೇಡಿ. ಒಂದು ಬೊಂಡ ಕುಡಿದು, ಏನಾದರೂ ಸಿಹಿ ತಿಂದು ನೋಡಿ. ನನ್ನ ಮಗ ಬೆಲ್ಲ ಬಾಯಿಗೆ ಹಾಕಿದರೆ ಸಾಕು, ಕುಣಿಯುತ್ತಿದ್ದ.

ಉತ್ತರ 2 (ಮಂಗಳೂರು, ಹೆರಿಗೆ ವಾರ್ಡಿನಲ್ಲಿ ನರ್ಸ್)

ಅಕ್ಕ, ಬೊಂಡ ಕುಡಿಯಿರಿ, ಬೇಡ ಅನ್ನುವುದಿಲ್ಲ, ಆದರೆ ಅದನ್ನು ನಂಬಿ ಕೂರಬೇಡಿ. ನಿನ್ನೆಯಿಂದ ಕಡಿಮೆ ಅಂತ ನೀವೇ ಹೇಳುತ್ತಿದ್ದೀರಿ, ಹಾಗಾದರೆ ಈಗಲೇ ಹೊರಡಿ. ಜಾಗ ಸಾಲದೆ ಮಗು ಸುಮ್ಮನಾಗುತ್ತದೆ ಅನ್ನುವುದು ತಪ್ಪು. ಒದೆತದ ರೀತಿ ಬದಲಾಗಬಹುದು, ಹೊರಳಿದ ಹಾಗೆ, ತಳ್ಳಿದ ಹಾಗೆ ಅನಿಸಬಹುದು. ಆದರೆ ಹೆರಿಗೆಯ ದಿನದವರೆಗೂ ಮಿಸುಕಾಟ ಕಡಿಮೆ ಆಗಬಾರದು. ಮಗು ಹೊಟ್ಟೆಯೊಳಗೆ ನಿದ್ದೆ ಮಾಡುತ್ತದೆ ನಿಜ, ಸಾಮಾನ್ಯವಾಗಿ 20ರಿಂದ 40 ನಿಮಿಷ, 90 ನಿಮಿಷ ದಾಟುವುದು ಅಪರೂಪ. ಒಂದು ರಾತ್ರಿ, ಒಂದು ಹಗಲು ಪೂರ್ತಿ ನಿದ್ದೆ ಮಾಡುವುದಿಲ್ಲ.

ಅನುಮಾನ ಬಂದಾಗ ಎಡಮಗ್ಗುಲಲ್ಲಿ ಮಲಗಿ, ಟಿವಿ ಆಫ್ ಮಾಡಿ, ಹೊಟ್ಟೆಯ ಮೇಲೆ ಕೈ ಇಟ್ಟು 2 ಗಂಟೆ ಮಿಸುಕಾಟ ಎಣಿಸಲು ಹೇಳುತ್ತೇವೆ. ಬಿಕ್ಕಳಿಕೆ ಲೆಕ್ಕಕ್ಕಿಲ್ಲ. 10 ಆಗದಿದ್ದರೆ ಆಸ್ಪತ್ರೆಗೆ. 10 ಆದರೂ ನಿಮ್ಮ ಮಗುವಿನ ದಿನದ ರೂಢಿ ತಪ್ಪಿದೆ ಅನಿಸಿದರೆ ಆಗಲೂ ಆಸ್ಪತ್ರೆಗೆ. ಮನೆಯಲ್ಲಿ ಎದೆಬಡಿತ ಕೇಳುವ ಸಣ್ಣ ಮೆಷಿನ್ ಆನ್‌ಲೈನ್‌ನಲ್ಲಿ ಸಿಗುತ್ತದಲ್ಲ, ದಯವಿಟ್ಟು ಅದರ ಸದ್ದು ಕೇಳಿ ಸಮಾಧಾನ ಮಾಡಿಕೊಳ್ಳಬೇಡಿ. ತೊಂದರೆಯಲ್ಲಿರುವ ಮಗುವಿನ ಎದೆಯೂ ಬಡಿಯುತ್ತಲೇ ಇರುತ್ತದೆ.

ತಾಯಿ ಕಾರ್ಡ್ ತೆಗೆದುಕೊಳ್ಳಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ರಾತ್ರಿಯಾದರೂ ಪರವಾಗಿಲ್ಲ, ಹೆರಿಗೆ ವಾರ್ಡಿಗೆ ಬಾಗಿಲು ಹಾಕುವುದು ಅಂತ ಇಲ್ಲ.

ಉತ್ತರ 3 (ಸುರತ್ಕಲ್)

ನರ್ಸ್ ಅಕ್ಕ ಹೇಳಿದ್ದು ಕೇಳಿ. ನನ್ನ ಎರಡನೇ ಬಸುರಿಯಲ್ಲಿ ಹೀಗೇ ಆಗಿತ್ತು. ಫೋನ್ ಮಾಡಿದರೆ ಅಲ್ಲಿದ್ದವರು "ನಾಳೆ ಬನ್ನಿ" ಅಂದರು, ನಾನು ಮನಸ್ಸು ತಡೆಯದೆ ಆ ರಾತ್ರಿಯೇ ಬೇರೆ ಆಸ್ಪತ್ರೆಗೆ ಹೋದೆ. ಅಲ್ಲಿ ಟೆಸ್ಟ್ ಮಾಡಿ ಬೆಳಗಾಗುವ ಮೊದಲೇ ಆಪರೇಷನ್ ಮಾಡಿದರು. ಮಗಳಿಗೆ ಈಗ ನಾಲ್ಕು ವರ್ಷ. ಫೋನಿನಲ್ಲಿ ಕೇಳಿಕೊಂಡು ಕೂರಬೇಡಿ, ಎದುರಿಗೆ ಹೋಗಿ ನಿಲ್ಲಿ.

ಪ್ರಶ್ನೆ ಕೇಳಿದವರು, ಮರುದಿನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವನ ಕಾರಿನಲ್ಲಿ ಉಡುಪಿಗೆ ಹೋದೆವು. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿ, ಕೈಗೊಂದು ಬಟನ್ ಕೊಟ್ಟು, ಮಗು ಮಿಸುಕಿದಾಗೆಲ್ಲ ಒತ್ತಿ ಅಂದರು. ಎನ್‌ಎಸ್‌ಟಿ ಅಂತೆ, ಮಗುವಿನ ಎದೆಬಡಿತ ನೋಡುವ ಟೆಸ್ಟ್. ಕುದುರೆ ಓಡಿದ ಹಾಗೆ ಸದ್ದು, ಎದೆಬಡಿತ 140ರ ಆಸುಪಾಸು, 110ರಿಂದ 160ರ ಒಳಗಿದ್ದರೆ ಸರಿಯಂತೆ. ಆದರೆ ಮೊದಲ 20 ನಿಮಿಷ ಕಾಗದದ ಮೇಲಿನ ಗೆರೆ ಮೇಲೇಳಲೇ ಇಲ್ಲ. ನನಗೆ ಕೈಕಾಲು ತಣ್ಣಗಾಯ್ತು. ಮಗು ನಿದ್ದೆಯಲ್ಲಿರಬಹುದು ಅಂತ ಇನ್ನೂ 20 ನಿಮಿಷ ಇಟ್ಟರು. ಆಗ ಒಮ್ಮೆ ಜೋರಾಗಿ ಒದೆಯಿತು, ಗೆರೆ ಏರಿತು, ಸ್ವಲ್ಪ ಹೊತ್ತಿಗೆ ಮತ್ತೆ ಏರಿತು. ಮಿಸುಕಿದಾಗ ಎದೆಬಡಿತ 15ರಷ್ಟು ಏರಿ 15 ಸೆಕೆಂಡಾದರೂ ನಿಲ್ಲಬೇಕು, ಅಂಥದ್ದು ಎರಡು ಸಿಕ್ಕರೆ ಒಳ್ಳೆಯದು ಅಂತ ಡಾಕ್ಟರ್ ತೋರಿಸಿದರು.

ಸ್ಕ್ಯಾನ್‌ನಲ್ಲಿ ಮಗುವಿನ ಸುತ್ತಲಿನ ನೀರು 7 ಸೆಂಟಿಮೀಟರ್. 5ಕ್ಕಿಂತ ಕೆಳಗೆ ಹೋಗಬಾರದಂತೆ, ಅದಕ್ಕೆ ಮೂರು ದಿನ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ, ಅಷ್ಟರೊಳಗೆ ಒದೆತ ಮತ್ತೆ ಕಡಿಮೆ ಅನಿಸಿದರೆ ಆ ಕ್ಷಣವೇ.

ನಿನ್ನೆ ರಾತ್ರಿ ಎಡಮಗ್ಗುಲಲ್ಲಿ ಮಲಗಿದ್ದೆ. ಅಮ್ಮ ಅಡುಗೆಮನೆಯ ಲೈಟ್ ಆಫ್ ಮಾಡಿ ಬಂದು ಪಕ್ಕದಲ್ಲಿ ಕೂತು, ತಾವೇ ಹೊಟ್ಟೆಯ ಮೇಲೆ ಕೈ ಇಟ್ಟು ಕೇಳಿದರು, "ಎಷ್ಟಾಯ್ತು?"