ಮಗುವಿನ ಕೌದಿಗೆ ಫೆಲ್ಟ್ ಹಾಕಬಹುದಾ?

ತುಮಕೂರು_ಹೊಲಿಗೆ:
ಮೂರಡಿ ಅಗಲ, ನಾಲ್ಕಡಿ ಉದ್ದದ ಕಾಟನ್ ಕೌದಿ. ಮೇಲೆ ಆನೆ, ಎಲೆ, ಹೂವು ಅಪ್ಲಿಕ್ ಮಾಡೋದಕ್ಕೆ (ಕತ್ತರಿಸಿ ಮೇಲೆ ಹೊಲಿಯೋದಕ್ಕೆ) ಸ್ಟೇಷನರಿ ಅಂಗಡಿಯ ಎ4 ಫೆಲ್ಟ್ ಶೀಟ್ ತಂದಿದ್ದೀನಿ, ಅಂದರೆ ನೇಯದೆ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಒಗೆತಕ್ಕೆ ತಡೆಯುತ್ತಾ? ಒಳಪದರಕ್ಕೂ ಫೆಲ್ಟನ್ನೇ ಹಾಕಿದರೆ ಹೇಗೆ?

ಸೂಜಿದಾರ_ಕೋಲಾರ:
ಒಳಪದರಕ್ಕೆ ಬೇಡ. ಕೌದಿ ಬಿರುಸಾಗುತ್ತೆ, ಮಡಚಿದ ಕಡೆ ಗೆರೆ ಬೀಳುತ್ತೆ. ಹತ್ತಿಯ ವ್ಯಾಡಿಂಗ್ (ಪದರಗಳ ನಡುವೆ ಇಡುವ ಮೆತ್ತನೆ ಹಾಳೆ) ಅಥವಾ ಹಳೇ ಕಾಟನ್ ಸೀರೆಯ ಎರಡು ಪದರ ಸಾಕು.

ಅಪ್ಲಿಕ್‌ಗೆ ಮೊದಲು ಅದು ಯಾವ ಫೆಲ್ಟ್ ಅಂತ ನೋಡಿ. ಸಣ್ಣ ಚೂರನ್ನು ಇಕ್ಕಳದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಅಗ್ಗದ ಶೀಟುಗಳು ಹೆಚ್ಚಾಗಿ ಎರಡನೇ ಜಾತಿ. ಅವು ಅಷ್ಟಾಗಿ ಕುಗ್ಗಲ್ಲ, ಆದರೆ ಉಜ್ಜಿದಲ್ಲೆಲ್ಲ ಗುಂಜು ಏಳುತ್ತೆ. ಉಣ್ಣೆಯದು ಬಿಸಿನೀರಲ್ಲಿ ಕುಲುಕಿದರೆ ಎಳೆಯ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕುಗ್ಗುತ್ತೆ, ಸುತ್ತಲಿನ ಕಾಟನ್ ಸುಕ್ಕಾಗುತ್ತೆ. ಅದಕ್ಕೇ ಕತ್ತರಿಸುವ ಮುಂಚೆ ಬಟ್ಟೆ, ಫೆಲ್ಟ್ ಎರಡನ್ನೂ ಬೇರೆಬೇರೆ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಕೆಂಪು, ಕಡುನೀಲಿ ಬಣ್ಣ ಬಿಡುತ್ತಾ ಅನ್ನೋದೂ ಆಗಲೇ ತಿಳಿಯುತ್ತೆ.

ಫೆಲ್ಟಿಗೆ ನೇಯ್ಗೆಯ ದಿಕ್ಕಿಲ್ಲ, ಅಂಚು ಬಿಚ್ಚಲ್ಲ. ಮಡಚಿ ಹೊಲಿಯೋ ಕೆಲಸವಿಲ್ಲ. ಚಿತ್ರವನ್ನು ಬಟರ್ ಪೇಪರಿನಲ್ಲಿ ತೆಗೆದು, ಗುಂಡುಪಿನ್ ಚುಚ್ಚಿ, ಪೇಪರ್ ಸಮೇತ ಕತ್ತರಿಸಿ. ವ್ಯಾಡಿಂಗ್ ಇಡೋ ಮುಂಚೆಯೇ ಮೇಲ್ಪದರಕ್ಕೆ ಹೊಲಿದುಬಿಡಿ. ಆರು ಎಳೆ ಕಸೂತಿ ದಾರದಲ್ಲಿ ಎರಡೆಳೆ ತಗೊಂಡು, 4 ಮಿ.ಮೀ. ಅಂತರದಲ್ಲಿ ಬ್ಲಾಂಕೆಟ್ ಹೊಲಿಗೆ (ಅಂಚಿನುದ್ದಕ್ಕೂ ದಾರ ಕೊಕ್ಕೆಯಾಗಿ ಹಿಡಿಯೋದು) ಹಾಕಿ. ಮೆಷಿನ್ ಆದರೆ 14 ನಂಬರ್ ಸೂಜಿ, ಹೊಲಿಗೆ ಉದ್ದ 3 ಮಿ.ಮೀ. ಅದಕ್ಕಿಂತ ಒತ್ತಾದರೆ ಅಂಚೆಚೀಟಿಯ ತೂತಿನ ಸಾಲಿನ ಹಾಗೆ ಅಲ್ಲೇ ಹರಿಯುತ್ತೆ. ಬಿಚ್ಚಿದ ತೂತೂ ಮುಚ್ಚಲ್ಲ, ಮೊದಲು ಚೂರಿನ ಮೇಲೆ ಹೊಲಿದು ನೋಡಿ.

ಚಿಂತಾಮಣಿ_ಕೌದಿ:
ಆನೆ ದೊಡ್ಡದಾದರೆ ಬರೀ ಅಂಚು ಹೊಲಿದರೆ ಸಾಲದು, ನಡು ಉಬ್ಬುತ್ತೆ. ಎರಡೆರಡು ಇಂಚಿಗೆ ಕೈಯಲ್ಲಿ ಓಟದ ಹೊಲಿಗೆ ಹಾಕಿ. ಕಣ್ಣಿಗೆ ಗುಂಡಿ, ಮಣಿ ಬೇಡ, ಮಗು ಕಿತ್ತು ಬಾಯಿಗೆ ಹಾಕುತ್ತೆ. ದಾರದ ಗಂಟು ಕಸೂತಿ ಸಾಕು. ಇಸ್ತ್ರಿ ಸಣ್ಣ ಉರಿಯಲ್ಲಿ, ಮೇಲೆ ಕಾಟನ್ ಬಟ್ಟೆ ಇಟ್ಟು, ಹಿಂಬದಿಯಿಂದ. ಪಾಲಿಯೆಸ್ಟರ್ ನೇರ ಶಾಖಕ್ಕೆ ಕರಗಿ ಹೊಳಪಾಗುತ್ತೆ. ನಮ್ಮ ಬೋರ್ ನೀರು ಗಡುಸು. ಬಾರ್ ಸೋಪಿನ ಜಿಡ್ಡು ಫೆಲ್ಟಿನೊಳಗೆ ಕೂತು ಬಿರುಸು ಮಾಡುತ್ತೆ. ಲಿಕ್ವಿಡ್ ಹಾಕಿ, ಮೂರು ನೀರಲ್ಲಿ ಜಾಲಿಸಿ.

ತುಮಕೂರು_ಹೊಲಿಗೆ:
ಸುಟ್ಟು ನೋಡಿದೆ, ಮಣಿಯಾಯ್ತು. ಉಣ್ಣೆ ಫೆಲ್ಟ್ ಬದಲು ಹಳೇ ಕರಿ ಕಂಬಳಿ ಚೂರು ಆಗುತ್ತಾ?

ಸೂಜಿದಾರ_ಕೋಲಾರ:
ಆಗುತ್ತೆ, ಆದರೆ ಮಗುವಿಗಲ್ಲ, ನಮ್ಮ ಕಡೆ ಕುರಿ ಉಣ್ಣೆ ಒರಟು, ಚುಚ್ಚುತ್ತೆ. ಚೀಲ, ಗೋಡೆ ಅಲಂಕಾರಕ್ಕೆ ಚೆನ್ನ. ಕಂಬಳಿ ನೇಯುವಾಗ ಹಾಕಿದ ಹುಣಸೆಬೀಜದ ಗಂಜಿ ಉಳಿದಿದ್ದರೆ ಮೊದಲು ನೆನೆಸಿ ತೆಗೆದು, ಆಮೇಲೆ ಬಿಸಿನೀರು, ಸೋಪು ಹಾಕಿ ತಿಕ್ಕಿ. ನೇಯ್ಗೆ ಕಾಣದಷ್ಟು ಕೂಡಿಕೊಂಡ ಮೇಲೇ ಕತ್ತರಿಸಿ, ಇಲ್ಲದಿದ್ದರೆ ಅಂಚು ಬಿಚ್ಚುತ್ತೆ.