ನ್ಯಾನೋಟ್ಯೂಬ್ ಹಾಕಿದರೂ ಬೋರ್ ನೀರಿನ ಫ್ಲೋರೈಡ್ ಇಳಿಯುತ್ತಿಲ್ಲ, ಮೇಲಿಂದ ಕಬ್ಬಿಣ ಬೇರೆ ಬರ್ತಿದೆ

ಬಾಗೇಪಲ್ಲಿ_ಎಂಎಸ್ಸಿ:
ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್‌ಗೆ ನಮ್ಮೂರಿನ ಬೋರ್ ನೀರನ್ನೇ ತಂದಿದ್ದೇನೆ. ಫ್ಲೋರೈಡ್ ಲೀಟರಿಗೆ 2.8 ಮಿಲಿಗ್ರಾಂ ಇದೆ. ಕುಡಿಯುವ ನೀರಲ್ಲಿ 1 ದಾಟಬಾರದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸರಿ ಅಂತ ನಿಯಮ. ನನ್ನ ತಮ್ಮನ ಮುಂದಿನ ಹಲ್ಲುಗಳ ಮೇಲೆ ಆಗಲೇ ಕಂದು ಗೆರೆ ಬಿದ್ದಿದೆ. ಅದಕ್ಕೇ ಈ ವಿಷಯ ಹಿಡಿದೆ.

ಮಲ್ಟಿವಾಲ್ ಕಾರ್ಬನ್ ನ್ಯಾನೋಟ್ಯೂಬ್ (ಒಂದರೊಳಗೊಂದು ಸೇರಿದ ಅತಿ ಸೂಕ್ಷ್ಮ ಇಂಗಾಲದ ಕೊಳವೆಗಳು) ಪುಡಿ 50 ಮಿಲಿಗ್ರಾಂ, ನೀರು 100 ಮಿಲಿ, ಎರಡು ಗಂಟೆ ಕಲಕಿದೆ. ಪರೀಕ್ಷೆಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ನೀರಲ್ಲಿ ಹಾಕಿದರೆ ಅದು ತಿಳಿಯಾಯಿತು. ಫ್ಲೋರೈಡ್ ಮಾತ್ರ 2.7ಕ್ಕೇ ನಿಂತಿದೆ. ಡಿಸ್ಟಿಲ್ಡ್ ನೀರಲ್ಲಿ ಅದೇ ಪುಡಿ ಕಲಕಿ, ಸೋಸಿ, ಆಸಿಡ್ ಮತ್ತು ಥಯೋಸಯನೇಟ್ ಬಿಟ್ಟರೆ ಕಿತ್ತಳೆ ಬಣ್ಣ, ಅಂದರೆ ಪುಡಿಯಿಂದಲೇ ಕಬ್ಬಿಣ ಬರ್ತಿದೆ! ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿದರೆ ಎರಡೂ ಸರಿಹೋಗುತ್ತಾ?

ಟಮೋಟ_ತೋಟ:
ಯಾವುದರಲ್ಲಿ ಸೋಸಿದ್ರಿ? ಮಾಮೂಲಿ ಫಿಲ್ಟರ್ ಪೇಪರ್ ಆದರೆ ಸಣ್ಣ ಚೂರುಗಳು ನುಸುಳಿ ಬರುತ್ತವೆ. 0.2 ಮೈಕ್ರಾನ್ ಮೆಂಬ್ರೇನ್ ಬೇಕು.

ಕೋಲಾರ_ಲ್ಯಾಬ್:
ನೈಟ್ರಿಕ್ ಬೇಡ ತಂಗಿ. ಇವು ಎರಡು ಬೇರೆ ಬೇರೆ ತೊಂದರೆ.

ಮೊದಲು ಕಬ್ಬಿಣ. ಟ್ಯೂಬ್ ಬೆಳೆಸುವಾಗ ಕಬ್ಬಿಣ, ಕೋಬಾಲ್ಟ್ ಅಥವಾ ನಿಕಲ್ ಕಣ ಬಳಸುತ್ತಾರೆ. ಅದು ಪುಡಿಯಲ್ಲೇ ಉಳಿಯುತ್ತದೆ. ಬಾಟಲಿಯ ಹೊರಗೆ ಮ್ಯಾಗ್ನೆಟ್ ಹಿಡಿದು ನೋಡು, ಕಪ್ಪು ಪುಡಿ ಗಾಜಿನ ಗೋಡೆ ಹತ್ತುತ್ತದೆ. ಎಷ್ಟಿದೆ ಅಂತ ತಿಳಿಯಬೇಕಾದರೆ ಸ್ವಲ್ಪ ತೂಗಿ, ಗಾಳಿ ಆಡುವ ಫರ್ನೇಸಿನಲ್ಲಿ 800 ಡಿಗ್ರಿಯಲ್ಲಿ ಸುಡು. ಇಂಗಾಲ ಹೋಗಿ ಇಟ್ಟಿಗೆ ಬಣ್ಣದ ಬೂದಿ ಉಳಿದರೆ ಅದು ಕಬ್ಬಿಣದ ಆಕ್ಸೈಡ್. ಅದರ ತೂಕದಲ್ಲಿ ನೂರಕ್ಕೆ 70 ಪಾಲು ಕಬ್ಬಿಣ.

ತೊಳೆಯಲು ಹೈಡ್ರೋಕ್ಲೋರಿಕ್ ಸಾಕು. ಮೂರು ಪಾಲು ನೀರಿಗೆ ಒಂದು ಪಾಲು ಕಾನ್ಸಂಟ್ರೇಟೆಡ್ ಆಸಿಡ್ ಬಿಡು, ನೀರನ್ನು ಆಸಿಡ್‌ಗೆ ಸುರಿಯಬೇಡ. ಲ್ಯಾಬಿನ ಹೊಗೆ ಹೀರುವ ಹುಡ್ ಒಳಗೆ ಪುಡಿಯನ್ನು ಈ ಆಸಿಡ್‌ನಲ್ಲಿ ಹಾಕಿ ರಾತ್ರಿಯಿಡೀ ಕಲಕಲಿ. ಹಳದಿ ನೀರು ಇಳಿಯುತ್ತದೆ. ಆಮೇಲೆ ಆಸಿಡ್ ಅಂಶ ಹೋಗಿ ಪಿಎಚ್ ಸರಿಯಾಗುವವರೆಗೂ ನೀರಲ್ಲಿ ತೊಳಿ. ಒಣ ಪುಡಿಯನ್ನು ಬಯಲಲ್ಲಿ ಕೊಡವಲೇಬೇಡ, ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಇನ್ನು ಫ್ಲೋರೈಡ್. ನೈಟ್ರಿಕ್‌ನಲ್ಲಿ ಕುದಿಸಿದರೆ ಟ್ಯೂಬ್ ಮೈಮೇಲೆ ಕಾರ್ಬಾಕ್ಸಿಲ್ ಎಂಬ ಆಮ್ಲ ಗುಂಪು ಹುಟ್ಟುತ್ತದೆ. ನಮ್ಮ ಕಡೆಯ ಬೋರ್ ನೀರಲ್ಲಿ ಅದು ಋಣ ಆವೇಶ ಪಡೆಯುತ್ತದೆ. ಫ್ಲೋರೈಡೂ ಋಣವೇ, ಹತ್ತಿರ ಸೇರಲ್ಲ. ಮೆಥಿಲೀನ್ ಬ್ಲೂ, ಸೀಸ ಧನ ಆವೇಶದವು, ಅಂಟಿಕೊಳ್ಳುತ್ತವೆ. ಬಣ್ಣ ಹೀರಿತು ಅಂದ ಮಾತ್ರಕ್ಕೆ ಎಲ್ಲವನ್ನೂ ಹೀರುತ್ತದೆ ಅಂದುಕೊಳ್ಳೋದು ತಪ್ಪು. ಫ್ಲೋರೈಡ್ ಹಿಡಿಯೋದು ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ತೊಳೆದ ಟ್ಯೂಬನ್ನು ಅಲ್ಯುಮಿನಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ನೈಟ್ರೋಜನ್ ಹಾಯಿಸುತ್ತಾ 450 ಡಿಗ್ರಿಗೆ ಕಾಯಿಸು. ಹೊರಬರುವ ಹೊಗೆ ವಿಷ, ಹುಡ್‌ಗೇ ಬಿಡಬೇಕು. ಗಾಳಿಯಲ್ಲಿ ಕಾಯಿಸಿದರೆ ಟ್ಯೂಬೇ ಸುಟ್ಟುಹೋದೀತು. ಜೊತೆಗೆ ಬರೀ ಆಕ್ಟಿವೇಟೆಡ್ ಅಲ್ಯುಮಿನಾವನ್ನೂ ಪಕ್ಕದಲ್ಲಿಟ್ಟು ಹೋಲಿಸು. ಅದು ಅಗ್ಗ. ನಿಜವಾದ ಪೈಪೋಟಿ ಅದರ ಜೊತೆಗೇ ಅಲ್ವಾ?

ಬಾಗೇಪಲ್ಲಿ_ಎಂಎಸ್ಸಿ:
ಸರ್, ತೊಳೆದೆ. ಮೊದಲ ಸಲದ ನೀರು ಅರಿಶಿನ ಕದಡಿದ ಹಾಗಿತ್ತು, ಮೂರನೆಯದು ತಿಳಿ. ಮೆಂಬ್ರೇನ್‌ನಲ್ಲಿ ಸೋಸಿ ಥಯೋಸಯನೇಟ್ ಬಿಟ್ಟೆ, ಬಣ್ಣ ಬರಲಿಲ್ಲ. ಆದರೆ ಪುಡಿ ಇನ್ನೂ ಮ್ಯಾಗ್ನೆಟ್‌ಗೆ ಎಳೆಯುತ್ತಿದೆ. ಮತ್ತೆ ತೊಳೀಬೇಕಾ?

ಕೋಲಾರ_ಲ್ಯಾಬ್:
ಬೇಡ. ಉಳಿದ ಕಣಗಳ ಸುತ್ತ ಇಂಗಾಲದ ಚಿಪ್ಪು ಇರುತ್ತದೆ, ಆಸಿಡ್ ಒಳಗೆ ಹೋಗಲ್ಲ. ಹಾಗಾಗಿ ಕಬ್ಬಿಣ ಸುಲಭಕ್ಕೆ ಹೊರಗೂ ಬರಲ್ಲ. ಎಷ್ಟು ಉಳಿದಿದೆ ಅಂತ ಮತ್ತೆ ಸುಟ್ಟು ತೂಗಿ ಬರೆದಿಡು.

ಬಾಗೇಪಲ್ಲಿ_ಎಂಎಸ್ಸಿ:
ಅಲ್ಯುಮಿನಾ ಲೇಪಿಸಿದ ಮೇಲೆ 2.8 ಇದ್ದದ್ದು 1.3ಕ್ಕೆ ಬಂತು ಸರ್! ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ.

ಕೋಲಾರ_ಲ್ಯಾಬ್:
ತುಂಬಾ ಸಂತೋಷ ಆಯ್ತು. ಆ ನೀರಲ್ಲಿ ಅಲ್ಯುಮಿನಿಯಂ ಎಷ್ಟು ಬಿಟ್ಟಿದೆ ಅಂತಲೂ ನೋಡು. ತಮ್ಮನಿಗೆ ಇದನ್ನು ಕುಡಿಯೋಕೆ ಕೊಡಬೇಡ, ಸದ್ಯಕ್ಕೆ ಆರ್‌ಓ ಘಟಕದ ನೀರೇ ಇರಲಿ.

ಬಾಗೇಪಲ್ಲಿ_ಎಂಎಸ್ಸಿ:
ಸರಿ ಸರ್, ಕೊಡಲ್ಲ. ಅಲ್ಯುಮಿನಿಯಂ ನೋಡಿ ಸೋಮವಾರ ಇಲ್ಲೇ ಹಾಕುತ್ತೇನೆ.